ಕೆಂಪನಂಜಪ್ಪನ ಮೇಣ, ಪುಟ್ಟಮಾದಪ್ಪನ ಹೊಳಪು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹುಣಸೆಮರಗಳು ಶುರುವಾಗುವ ಕಡೆ ಒಂದು ತಗಡಿನ ಶೆಡ್ಡಿದೆ. ಅದರ ಮುಂದೆ ವರ್ಷವಿಡೀ ಒದ್ದೆ ನೆಲ, ಒಂದು ನೀಲಿ ಡ್ರಮ್ಮು, ಮತ್ತು ಕೆಂಪನಂಜಪ್ಪ. ಕಾರು ತೊಳೆದು, ಮೇಣ ಹಚ್ಚಿ, ಉಜ್ಜಿ ಹೊಳೆಸುವುದು ಅವನ ಕಸುಬು.

ಅವನ ಹೊಳಪಿನ ಬಗ್ಗೆ ಸುತ್ತಮುತ್ತ ಕತೆಗಳಿವೆ. ಅವನು ಮೇಣ ಹಚ್ಚಿದ ಕಾರಿನ ಮೇಲೆ ಕೂರಲು ಹೋದ ನೊಣವೊಂದು ಕಾಲು ಜಾರಿ, ಎದ್ದು ನೋಡಿದರೆ ಕಾಮಗೆರೆಯಲ್ಲಿತ್ತಂತೆ. ಶಾಗ್ಯದವರೊಬ್ಬರ ಟ್ರ್ಯಾಕ್ಟರಿಗೆ ಹಚ್ಚಿಕೊಟ್ಟಾಗ, ಕಾಗೆಯೊಂದು ಬಾನೆಟ್ಟಿನೊಳಗಿನ ಕಾಗೆಯ ಜೊತೆ ಸಂಜೆಯವರೆಗೂ ಜಗಳವಾಡಿ, ಸೋತು, ಸಂಸಾರ ಸಮೇತ ಊರು ಬಿಟ್ಟಿತಂತೆ. ಬಂಡಳ್ಳಿಯ ಮೇಷ್ಟ್ರೊಬ್ಬರು ಇವನು ಉಜ್ಜಿದ ಬಾಗಿಲಲ್ಲಿ ಮುಖ ನೋಡಿಕೊಂಡೇ ಗಡ್ಡ ಹೆರೆದುಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಕಣ್ಣಾರೆ ಕಂಡವರು ಯಾರೂ ಸಿಗುವುದಿಲ್ಲ. ಹೇಳಿದವನು ಕೆಂಪನಂಜಪ್ಪನೇ. ಆದರೆ ಅವನು ಹೇಳುವಾಗ ಕೇಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಅವನ ಮೇಣ ಅಂಗಡಿಯದಲ್ಲ. ಮಾರ್ಟಳ್ಳಿ ಕಡೆಯಿಂದ ಅರ್ಧ ತಮಿಳು ಅರ್ಧ ಕನ್ನಡ ಮಾತಾಡುವ ಸ್ವಾಮಿ ಎಂಬವನೊಬ್ಬ ಜೇನುಮೇಣದ ಉಂಡೆ ತಂದುಕೊಡುತ್ತಾನೆ. ಕೆಂಪನಂಜಪ್ಪ ಅದನ್ನು ಕರಗಿಸಿ, ಏನೋ ಎರಡು ಎಣ್ಣೆ ಬೆರೆಸಿ, ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ತುಂಬುತ್ತಾನೆ. ಎಣ್ಣೆ ಯಾವುದೆಂದು ಹೆಂಡತಿ ಮಹದೇವಮ್ಮನಿಗೂ ಹೇಳಿಲ್ಲ. ಅವಳಿಗೆ ಮೂಗಿರುವುದರಿಂದ ಹೇಳಬೇಕಾದ ಅಗತ್ಯವೂ ಬಿದ್ದಿಲ್ಲ.

ಮೇಣ ಹಚ್ಚಿದ ಮೇಲೆ ಅವನದೊಂದು ಪರೀಕ್ಷೆ ಇದೆ. ಚೊಂಬಿನಲ್ಲಿ ನೀರು ತಂದು ಬಾನೆಟ್ಟಿನ ಮೇಲೆ ಎತ್ತರದಿಂದ ಬಿಡುತ್ತಾನೆ. ನೀರು ಕೆಸುವಿನ ಎಲೆಯ ಮೇಲೆ ಬಿದ್ದಂತೆ ಮುತ್ತುಮುತ್ತಾಗಿ ಒಡೆದು, ಒಂದನ್ನೊಂದು ಅಟ್ಟಿಸಿಕೊಂಡು ಉರುಳಿ ಹೋಗುತ್ತದೆ. ಆಗ ಅವನು ಯಜಮಾನರ ಮುಖ ನೋಡುತ್ತಾನೆ. ಯಜಮಾನರು ಕಾರಿನ ಮುಖ ನೋಡುತ್ತಾರೆ. ಕೆಲಸ ಮುಗಿಯಿತು.

ಹಳೆಯ ಮೇಣವನ್ನು ತೆಗೆಯುವುದು ಅವನ ಪದ್ಧತಿಯಲ್ಲೇ ಇಲ್ಲ. ಹೋದ ವರ್ಷದ ಮೇಣದ ಮೇಲೆ ಈ ವರ್ಷದ ಮೇಣ. ಆಯುಧಪೂಜೆಗೆ ಬಂದ ಕಾರು ಮುಂದಿನ ಆಯುಧಪೂಜೆಗೆ ಬರುವ ಹೊತ್ತಿಗೆ ಅದರ ಮೈಮೇಲೆ ಧೂಳು, ಕುಂಕುಮ, ವಿಭೂತಿ, ಎಲ್ಲ ಸೇರಿಕೊಂಡಿರುತ್ತವೆ. ಎಲ್ಲದರ ಮೇಲೂ ಇನ್ನೊಂದು ಕೈ. ಅವನ ಹಳೆಯ ಗಿರಾಕಿಗಳ ಕಾರುಗಳು ಹೀಗೆ ದಪ್ಪವಾಗುತ್ತಾ ಹೋಗಿ, ಕೆಲವು ಮನೆಯ ಗೇಟಿನೊಳಗೆ ಹಿಡಿಸುವುದೇ ಇಲ್ಲ ಎಂದು ಜನ ಆಡಿಕೊಳ್ಳುತ್ತಾರೆ.

ಇನ್ನು ಅವನ ಹೊಟ್ಟೆಕಿಚ್ಚಿನ ವಿಷಯ. ಅದು ಅವನಿಗೆ ಹುಟ್ಟಿನಿಂದ ಬಂದದ್ದು. ತೊಟ್ಟಿಲಲ್ಲಿದ್ದಾಗ ಪಕ್ಕದ ಮನೆಯ ಮಗುವಿಗೆ ಮೊದಲು ಹಲ್ಲು ಬಂತೆಂದು ವಾರಗಟ್ಟಲೆ ಅತ್ತವನು. ಈಗಲೂ ಬೇರೆಯವರ ಕಾರಿನ ಮೇಲೆ ಬೇರೆಯವರ ಕೈಯ ಹೊಳಪು ಕಂಡರೆ ಅವನ ಹೊಟ್ಟೆಯಲ್ಲಿ ಏಳುವ ಉರಿಗೆ ಒಂದು ಹಂಡೆ ನೀರಿಟ್ಟು ರೇಷ್ಮೆಗೂಡು ಬೇಯಿಸಬಹುದು; ಸೌದೆ ಉಳಿಯುತ್ತದೆ. ಊರಲ್ಲಿ ಇಂಥ ಉರಿಗೆ ದಿನಕ್ಕೊಂದು ಕಾರಣ ಸಿಗುತ್ತಿತ್ತು. ಆದರೆ ಯಳಂದೂರಿನಲ್ಲಿ ಒಂದು ಕಾಯಂ ಕಾರಣವಿತ್ತು. ಅದರ ಹೆಸರು ಪುಟ್ಟಮಾದಪ್ಪ.

ಪುಟ್ಟಮಾದಪ್ಪ ಅವನ ಷಡ್ಡಕ, ಹೆಂಡತಿಯ ತಂಗಿ ಪುಟ್ಟಬಸಮ್ಮನ ಗಂಡ. ಬೇರೆ ಯಾವ ಕಸುಬೂ ಸಿಗಲಿಲ್ಲವೋ ಏನೋ, ಅವನೂ ಕಾರು ಹೊಳೆಸುವವನೇ. ಅದನ್ನಾದರೂ ಸಹಿಸಬಹುದಿತ್ತು. ಪುಟ್ಟಮಾದಪ್ಪನ ಅಂಗಡಿಗೆ ಗಾಜಿನ ಬಾಗಿಲಿತ್ತು. ಗುಂಯ್ ಎಂದು ತಿರುಗುವ ಪಾಲಿಶ್ ಮೆಷಿನ್ನಿತ್ತು. ಬಿಸಿಲಿಗೆ ಬಂದರೆ ಹಾಕಿಕೊಳ್ಳಲು ಕಪ್ಪು ಕನ್ನಡಕವಿತ್ತು. ಎಲ್ಲಕ್ಕಿಂತ ಮೇಲಾಗಿ ಅವನಿಗೊಂದು ಮಾತಿತ್ತು: ಹಳೆಯ ಮೇಣ ಪೂರ್ತಿ ತೆಗೆಯದೆ ಪಾಲಿಶ್ ಮುಟ್ಟಬಾರದು.

"ಮೇಣದ ಮ್ಯಾಲೆ ಮೆಷಿನ್ ಬುಟ್ರೆ ಮೇಣ ಹೊಳೀತದೆ ಅಣ್ಣ, ಬಣ್ಣ ಹೊಳಿಯಕಿಲ್ಲ," ಎಂದು ಒಂದು ಸಲ ಹಬ್ಬದ ಊಟಕ್ಕೆ ಕೂತಾಗ ಅವನು ಹೇಳಿದ್ದ.

ಕೆಂಪನಂಜಪ್ಪ ಅನ್ನಕ್ಕೆ ಕೈಯಿಟ್ಟವನು ಹಾಗೇ ಕೂತುಬಿಟ್ಟ. "ಅಂಗಾರೆ ನಾನು ಇಷ್ಟು ವರ್ಸ ಏನ ಹೊಳಸ್ತಾ ಇದ್ದೆ?"

"ಮೇಣಾನ," ಎಂದ ಪುಟ್ಟಮಾದಪ್ಪ, ಹಪ್ಪಳ ಮುರಿಯುತ್ತಾ. ಅವನು ಅಣಕಿಸಿ ಹೇಳಲಿಲ್ಲ. ಅಣಕಿಸಿದ್ದರೆ ಕೆಂಪನಂಜಪ್ಪನಿಗೆ ಅಂದು ನಿದ್ದೆ ಬರುತ್ತಿತ್ತು.

ಅವರಿಬ್ಬರ ಅತ್ತೆ ಕೆಂಪಾಜಮ್ಮ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಮಾವ ದೊಡ್ಡಮಾದಪ್ಪನವರು ಬದುಕಿದ್ದಾಗ ಮಗ್ಗದ ಸದ್ದಿನ ನಡುವೆ ಒಂದು ಆಸೆ ಇಟ್ಟುಕೊಂಡು, ನವಿಲುಕತ್ತಿನ ನೀಲಿಯ ಒಂದು ಕಾರು ತೆಗೆದುಕೊಂಡಿದ್ದರು. ಆ ಕಾರಿನಿಂದಲೇ ಮನೆಯಲ್ಲಿ ಒಂದು ಪದ್ಧತಿ ಹುಟ್ಟಿತು. ನಂಟರಿಷ್ಟರ ಮದುವೆಗೆ ಗಂಡೋ ಹೆಣ್ಣೋ ಆ ಕಾರಿನಲ್ಲಿ ಹೋಗುವಾಗ, ಕಾರನ್ನು ಹೊಳೆಸಿದವರು ಡ್ರೈವರ್ ಪಕ್ಕದ ಮುಂದಿನ ಸೀಟಿನಲ್ಲಿ ಕೂರಬೇಕು. ಮಾವನೇ ಹಾಗೆಂದು ಮೊದಲ ಸಲ ಕೆಂಪನಂಜಪ್ಪನನ್ನು ಕೈಹಿಡಿದು ಕೂರಿಸಿದ್ದರು. ಅಂದಿನಿಂದ ಆ ಸೀಟು ಅವನದು. ಎಷ್ಟೋ ಮದುವೆಗಳಲ್ಲಿ ಗಂಡಿಗಿಂತ ಮೊದಲು ಛತ್ರದವರಿಗೆ ಕಂಡದ್ದು ಕೆಂಪನಂಜಪ್ಪನ ಮುಖ. ಒಂದೆರಡು ಕಡೆ ಅವನಿಗೇ ಹಾರ ಹಾಕಲು ಬಂದು ವಾಪಸ್ಸಾದರಂತೆ.

ಮಾವ ತೀರಿಕೊಳ್ಳುವ ಮುಂಚೆ ಕೊನೆಯ ಸಲ ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದಾಗ, ಬಾನೆಟ್ಟಿನ ಮಧ್ಯೆ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದರು. ಅವರು ತೀರಿಕೊಂಡ ವರ್ಷ ಕೆಂಪನಂಜಪ್ಪ ಮೇಣದ ಡಬ್ಬ ಹಿಡಿದುಕೊಂಡು ಬಂದಾಗ ಕೆಂಪಾಜಮ್ಮ ಹೊಸಿಲಲ್ಲಿ ನಿಂತು ಇಷ್ಟೇ ಹೇಳಿದಳು: "ಅದ ಅಳಿಸ್ಬೇಡ ಕನಪ್ಪ." ಏನನ್ನೂ ಅಳಿಸದೇ ಇರುವುದು ಕೆಂಪನಂಜಪ್ಪನ ಹುಟ್ಟುಗುಣ. ಆ ಜಾಗದಲ್ಲಿ ಅವನು ಉಜ್ಜಲಿಲ್ಲ. ಮೇಣವನ್ನು ಬೆಚ್ಚಗೆ ಮಾಡಿ ಬೆರಳತುದಿಯಿಂದ ಒತ್ತಿದ. ಪ್ರತಿವರ್ಷ ಹಾಗೇ ಒತ್ತುತ್ತಾ ಬಂದ. ಮೂರು ಬಿಳಿ ಗೆರೆಗಳು ಮೇಣದ ಕೆಳಗೆ, ಗಾಜಿನೊಳಗೆ ಇಟ್ಟಂತೆ ಉಳಿದುಕೊಂಡವು. ಕೆಂಪಾಜಮ್ಮ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಅದರ ಮೇಲೆ ಒಂದು ಸಲ ಕೈಯಾಡಿಸಿ ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಮನೆಯ ಕಿರಿಮಗ ಸತೀಶನ ಮದುವೆ ನಿಶ್ಚಯವಾಯಿತು. ಹೆಣ್ಣು ಹನೂರಿನ ಅಂಜನಾ. ಮದುವೆಯೂ ಹನೂರಿನ ಛತ್ರದಲ್ಲೇ. ಕೆಂಪನಂಜಪ್ಪ ಮೇಣ ಕರಗಿಸಲು ಒಲೆ ಹೊತ್ತಿಸಿಯೂ ಆಗಿತ್ತು. ಅಷ್ಟರಲ್ಲಿ ಅತ್ತೆ ಕರೆಸಿದಳು.

"ಈ ಸಲ ಚಿಕ್ಕಳಿಯ ಮಾಡ್ಲಿ ಕನಪ್ಪ," ಎಂದಳು ಕೆಂಪಾಜಮ್ಮ. "ಅವನೂ ಈ ಮನೆ ಅಳಿಯನೇ ಅಲ್ವಾ. ಸತೀಶಂಗೂ ಮೆಷಿನ್ನಲ್ಲಿ ಮಾಡಿಸ್ಬೇಕು ಅಂತ ಆಸೆ."

"ಆಗ್ಲಿ ಅತ್ತೆ," ಎಂದ ಕೆಂಪನಂಜಪ್ಪ. ಅವನ ಬಾಯಿ ಹೇಳಿತು. ಉಳಿದ ಯಾವ ಅಂಗವೂ ಒಪ್ಪಲಿಲ್ಲ.

"ಕಾರ ಯಳಂದೂರಿಗೆ ಕಳುಸ್ತೀನಿ. ನಿಮ್ಮಾವನ ಗುರುತು ಒಂದು ಅದಲ್ಲ, ಅದ ಅವನಿಗೆ ನೀನೇ ಏಳ್ಬುಡು. ಫೋನಲ್ಲಿ ನಂಗೆ ಏಳಕ್ಕೆ ಬರಕಿಲ್ಲ, ಅಳು ಬತ್ತದೆ."

"ಏಳ್ತೀನಿ ಅತ್ತೆ."

ಹೊರಗೆ ಬಂದು ಅವನು ಫೋನು ತೆಗೆದ. ಪುಟ್ಟಮಾದಪ್ಪನ ಹೆಸರಿನ ಮೇಲೆ ಬೆರಳಿಟ್ಟ. ಆಗ ಹೊಟ್ಟೆಯೊಳಗಿನ ಉರಿ ಒಂದು ಉಪಾಯ ಬೇಯಿಸಿ ಬಡಿಸಿತು. ಪುಟ್ಟಮಾದಪ್ಪ ಹಳೆಯ ಮೇಣ ತೆಗೆಯದೆ ಬಿಡುವವನಲ್ಲ. ಹೇಳದೇ ಇದ್ದರೆ ಮೇಣದ ಜೊತೆ ವಿಭೂತಿಯೂ ಹೋಗುತ್ತದೆ. ಮಾವನ ಗುರುತನ್ನು ಅಳಿಸಿದ ಅಳಿಯ ಮುಂದಿನ ಸೀಟಿನಲ್ಲಿರಲಿ, ಕಾರಿನ ಡಿಕ್ಕಿಯಲ್ಲೂ ಕೂರುವ ಹಾಗಿಲ್ಲ. ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಮಹದೇವಮ್ಮ ರಾತ್ರಿ ಊಟಕ್ಕೆ ಬಡಿಸುತ್ತಾ ಕೇಳಿದಳು: "ಅವ್ವ ಏನೋ ಏಳು ಅಂದಿತ್ತಂತೆ, ಏಳುದ್ರಾ?"

"ಏಳ್ತೀನಿ ಕಣಮ್ಮಿ. ನಾಳೆ ಯಳಂದೂರಿಗೇ ಓಯ್ತೀನಲ್ಲ."

"ಯಳಂದೂರಲ್ಲಿ ಏನು ಕೆಲ್ಸ?"

ಅದು ಅವನಿಗೂ ಗೊತ್ತಿರಲಿಲ್ಲ. ಆದರೆ ತಾನು ವರ್ಷಗಟ್ಟಲೆ ಹಚ್ಚಿದ ಮೇಣವನ್ನು ಇನ್ನೊಬ್ಬ ತೆಗೆಯುತ್ತಿರುವಾಗ ಕೊಳ್ಳೇಗಾಲದಲ್ಲಿ ಕೂತಿರಲು ಅವನಿಂದ ಆಗುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಅವನು ಮಾಂಬಳ್ಳಿ ದಾಟಿ ಯಳಂದೂರಿಗೆ ಸ್ಕೂಟರಿನಲ್ಲಿ ಹೋದ. ಜೇಬಿನಲ್ಲಿ ಮೇಣದ ಸಣ್ಣ ಡಬ್ಬ. ಅದು ಯಾಕೆಂದರೆ, ಕೆಲವರು ಎಲೆಅಡಿಕೆ ಇಟ್ಟುಕೊಳ್ಳುವ ಹಾಗೆ ಅವನು ಅದನ್ನು ಯಾವಾಗಲೂ ಇಟ್ಟುಕೊಂಡಿರುತ್ತಾನೆ.

ಗಾಜಿನ ಬಾಗಿಲಿನ ಹಿಂದೆ ನೀಲಿ ಕಾರು ನಿಂತಿತ್ತು. ಅದರ ಮೇಲೆಲ್ಲ ಸೋಪಿನ ನೊರೆ. ಪುಟ್ಟಮಾದಪ್ಪ ಪಾತ್ರೆ ತೊಳೆಯುವ ಸೋಪಿನ ನೀರು ಹಿಡಿದು ಬೆವರುತ್ತಿದ್ದ.

"ಬಾ ಅಣ್ಣ," ಎಂದ. "ಒಳ್ಳೆ ಟೈಮಿಗೆ ಬಂದೆ. ಇದೇನ ಆಕಿದ್ದೀಯ ನೀನು? ಬೆಳಗಿಂದ ಉಜ್ಜೀನಿ. ಇದು ಮೇಣ ಅಲ್ಲ, ಇದರ ಅಪ್ಪ."

ಕೆಂಪನಂಜಪ್ಪನ ಎದೆ ಒಂದು ಮೊಳ ಅಗಲವಾಯಿತು. "ಓಯ್ತಾ ಇಲ್ವಾ?"

"ನೋಡು ನೀನೇ." ಪುಟ್ಟಮಾದಪ್ಪ ಒಂದು ಮಗ್ಗು ನೀರು ತಂದು ಕಾರಿನ ನೆತ್ತಿಯ ಮೇಲೆ ಬಿಟ್ಟ. ನೀರು ಮುತ್ತಾಗಿ ಒಡೆದು ಗಡಗಡ ಉರುಳಿ ಬಿತ್ತು. ಕೆಂಪನಂಜಪ್ಪ ಮುಗುಳ್ನಕ್ಕ. ಪುಟ್ಟಮಾದಪ್ಪ ಹಣೆ ಚಚ್ಚಿಕೊಂಡ. ಒಬ್ಬನಿಗೆ ಮುತ್ತು ಕಂಡರೆ ಕೆಲಸ ಮುಗಿದ ಹಾಗೆ, ಇನ್ನೊಬ್ಬನಿಗೆ ಕೆಲಸ ಶುರುವೇ ಆಗದ ಹಾಗೆ. "ನೀರು ಗುಂಡಾಗ್ಬಾರ್ದು ಅಣ್ಣ. ಸೀರೆ ಹಾಸ್ದಂಗೆ ತೆಳ್ಳಗೆ ಹರಡ್ಕಬೇಕು. ಆಗ ಮೇಣ ಇಲ್ಲ ಅಂತ ಲೆಕ್ಕ. ಆಮ್ಯಾಕೆ ಪಾಲಿಶ್ಶು, ಆಮ್ಯಾಕೆ ಹೊಸ ಮೇಣ. ಇವತ್ತು ಇದಾದ್ರೇ ಸಾಕು."

ಇಲ್ಲಿ ಕೆಂಪನಂಜಪ್ಪ ಸುಮ್ಮನಿದ್ದಿದ್ದರೆ ಅವನ ಉಪಾಯಕ್ಕೆ ಒಳ್ಳೆಯದಿತ್ತು. ಆದರೆ ತನ್ನ ಮೇಣದ ಮುಂದೆ ಸೋತು ನಿಂತವನನ್ನು ಕಂಡಾಗ ಅವನಿಗೆ ಬುದ್ಧಿ ತೋರಿಸುವ ಚಪಲ ತಡೆಯಲಾಗಲಿಲ್ಲ.

"ತಣ್ಣೀರಲ್ಲಿ ಓಯ್ತದೇನ್ಲಾ ಅದು? ಮಾವನ ಮನೇಲಿ ನೂಲಿನ ಅಂಟು ತೆಗೆಯದ ನೋಡಿಲ್ವಾ ನೀನು? ಬಣ್ಣಕ್ಕೆ ಆಕದ್ಕೆ ಮುಂಚೆ ಸೋಪಿನ ಬಿಸಿನೀರಲ್ಲಿ ಕುದುಸ್ತಾರೆ. ಅಂಟು ಬುಡದೆ ರೇಷ್ಮೆ ಬಣ್ಣ ಕುಡೀತದಾ?"

ಹೇಳಿ ಮುಗಿಸಿದ ಮೇಲೆ ಅವನಿಗೆ ಕೇಳಿಸಿತು, ತಾನು ಏನು ಹೇಳಿದೆನೆಂದು. ಪುಟ್ಟಮಾದಪ್ಪ ಅವನನ್ನೇ ನೋಡುತ್ತಿದ್ದ.

"ಅದ್ನೇ ಅಲ್ವಾ ಅಣ್ಣ ನಾನು ಅವತ್ತು ಊಟಕ್ಕೆ ಕೂತಾಗ ಏಳಿದ್ದು?"

"ನೀ ಏಳಿದ್ದು ಕಾರಿನ ಇಸ್ಯ. ನಾ ಏಳ್ತಿರದು ನೂಲಿನ ಇಸ್ಯ," ಎಂದು ಕೆಂಪನಂಜಪ್ಪ ತೋಳು ಮಡಿಸಿಕೊಂಡ. "ಬಿಸಿನೀರು ಕಾಯ್ಸು. ಕುದ್ಯದು ಬೇಡ, ಕೈ ತಡ್ಕಳಂಗಿರ್ಲಿ."

ಪುಟ್ಟಬಸಮ್ಮ ನೀರು ಕಾಯಿಸಿಕೊಟ್ಟಳು. ಬೆಚ್ಚಗಿನ ಸೋಪಿನ ನೀರು ಬಿದ್ದ ಕೂಡಲೇ ಮೇಣ ಸಡಿಲವಾಯಿತು. ಇಬ್ಬರೂ ಒಂದೊಂದು ಮಗ್ಗುಲು ಹಿಡಿದರು. ಪುಟ್ಟಮಾದಪ್ಪನ ಬಟ್ಟೆ ಬಾಗಿಲಿನ ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪನಂಜಪ್ಪನ ಬಟ್ಟೆ ಹಿಂದಿನ ಚಕ್ರ ದಾಟಿತ್ತು. ಸಹಾಯ ಮಾಡಲು ಅವನು ಕೈಹಾಕಿದ್ದಲ್ಲ. ಪಕ್ಕದಲ್ಲೊಬ್ಬ ಉಜ್ಜುತ್ತಿರುವಾಗ ತನ್ನ ಕೈ ಖಾಲಿ ಇರುವುದನ್ನು ಅವನು ಜನ್ಮದಲ್ಲಿ ಸಹಿಸಿದವನಲ್ಲ. ಬಟ್ಟೆಗಳ ಮೇಲೆ ಒಂದೊಂದೇ ವರ್ಷ ಬಿಟ್ಟುಕೊಂಡು ಬರತೊಡಗಿತು. ಮೊದಲು ಹೋದ ಆಯುಧಪೂಜೆಯ ಕುಂಕುಮ. ಅದರ ಕೆಳಗೆ ಯಾರದೋ ಮದುವೆಯ ಅರಿಶಿನ. ಅದರ ಕೆಳಗೆ ಒಂದು ಬೇಸಿಗೆಯ ಕೆಂಧೂಳು. ಇನ್ನೂ ಕೆಳಗೆ ಹೋದರೆ ಟಿಪ್ಪುವಿನ ಕಾಲದ ಮಣ್ಣೂ ಸಿಗುತ್ತದೇನೋ ಎಂದು ಪುಟ್ಟಬಸಮ್ಮ ನಕ್ಕಳು.

ಆಮೇಲೆ ಮಗ್ಗಿನ ನೀರು ಬಿಟ್ಟಾಗ ಅದು ಗುಂಡಾಗಲಿಲ್ಲ. ತೆಳ್ಳಗೆ ಹರಡಿಕೊಂಡು, ಸೀರೆಯ ಸೆರಗು ಜಾರಿದಂತೆ ಇಳಿಯಿತು. ಕೆಂಪನಂಜಪ್ಪನಿಗೆ ತನ್ನದೇ ಬಟ್ಟೆ ಬಿಚ್ಚಿದಂತಾಯಿತು. ಪುಟ್ಟಮಾದಪ್ಪ ಮೆಷಿನ್ ಹಿಡಿದು ಬಾಗಿಲ ಮೇಲೆ ಆಡಿಸಿದ. ಮಂಕಾಗಿದ್ದ ನೀಲಿಯೊಳಗಿಂದ ಬೇರೊಂದು ನೀಲಿ ಎದ್ದು ಬಂತು. ಹೊಸದಾಗಿ ಕಾರು ತಂದ ದಿನ ಮಾವ ಮನೆಯ ಮುಂದೆ ನಿಲ್ಲಿಸಿ, ಒಳಗಿದ್ದವರನ್ನೆಲ್ಲ ಕರೆದು ತೋರಿಸಿದ ನೀಲಿ. ಕೆಂಪನಂಜಪ್ಪ ಅದನ್ನು ಮರೆತೇಬಿಟ್ಟಿದ್ದ. ಅವನ ಮೇಣದ ಕೆಳಗೆ ಅದು ಇಷ್ಟು ವರ್ಷ ಉಸಿರು ಹಿಡಿದು ಕೂತಿತ್ತು.

ಇಂಥ ಹೊಳಪು ತನ್ನ ಕೈಯಿಂದ ಒಂದು ದಿನವೂ ಬಂದಿರಲಿಲ್ಲ. ಇದು ಅವನಿಗೆ ತಿಳಿಯಿತು. ತಿಳಿದ ಕ್ಷಣ ಹೊಟ್ಟೆಯೊಳಗಿನ ಉರಿ ಗಂಟಲಿಗೆ ಬಂತು. ಅಳಿಸಲಿ ಇವನು, ಎಂದುಕೊಂಡ. ಅಳಿಸಿ ಅತ್ತೆಯ ಮುಂದೆ ನಿಲ್ಲಲಿ.

ಇನ್ನು ಉಳಿದದ್ದು ಬಾನೆಟ್ಟು.

ಪುಟ್ಟಮಾದಪ್ಪ ಬಿಸಿನೀರಿನ ಬಕೆಟ್ಟು ಎತ್ತಿಕೊಂಡು ಮುಂದೆ ಬಂದ. ಮೇಣದ ಕೆಳಗಿನ ಮೂರು ಗೆರೆಗಳು ಅವನಿಗೆ ಕಂಡಿರಲೇಬೇಕು. ಆದರೆ ಇಡೀ ಕಾರಿನ ಮೇಲೆ ಬಿಳಿ, ಕೆಂಪು, ಹಳದಿ ಏನೇನೋ ಇದ್ದವು. ಅವನಿಗೆ ಅದೂ ಅವುಗಳಲ್ಲೊಂದು. ಅವನು ಬಟ್ಟೆಯನ್ನು ಬಿಸಿನೀರಿಗೆ ಅದ್ದಿದ. ಹಿಂಡಿದ. ಒಂದು ಅಂಚಿನಿಂದ ಉಜ್ಜುತ್ತಾ ಬಂದ.

ಕೆಂಪನಂಜಪ್ಪ ನೋಡುತ್ತಾ ನಿಂತ. ಆ ಕೈ ಒಳ್ಳೆಯ ಕೈ. ಒಂದೇ ಅಳತೆಯಲ್ಲಿ ತಿರುಗುತ್ತಿತ್ತು. ತಾನು ವರ್ಷವರ್ಷ ಉಸಿರು ಬಿಗಿಹಿಡಿದು ಬೆರಳತುದಿಯಿಂದ ಒತ್ತಿದ ಜಾಗದ ಹತ್ತಿರ ಅದು ತಿರುಗುತ್ತಾ ತಿರುಗುತ್ತಾ ಬರುತ್ತಿತ್ತು. ಮಾವ ಎಳೆದ ಗೆರೆ. ಅದರ ಮೇಲೆ ತನ್ನ ಕೈ. ಈಗ ಕೊನೆಯದಾಗಿ ಇವನ ಕೈಯೇ? ಇಷ್ಟು ದಿನ ಕಾಪಾಡಿದ್ದು ನಾನು, ಕಡೆಗೆ ಮುಟ್ಟುವವನು ಇವನೇ? ಆ ಯೋಚನೆ ಬಂದದ್ದೇ ತಡ, ಸೀಟು, ಉಪಾಯ, ಅತ್ತೆಯ ಸಿಟ್ಟು ಎಲ್ಲವೂ ಅವನ ತಲೆಯಿಂದ ಜಾರಿ ಬಿದ್ದವು. ಅವನು ಎರಡೇ ದಾಪುಗಾಲಿನಲ್ಲಿ ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿದ.

"ಇಲ್ಲಿ ಕೈ ಇಕ್ಬೇಡ."

"ಯಾಕಣ್ಣ?"

"ಮಾವಂದು. ಬೆಟ್ಟಕ್ಕೆ ಓಗಿದ್ದಾಗ ಅವರೇ ಎಳ್ದಿದ್ದು. ಅತ್ತೆ ಅಳಿಸ್ಬೇಡ ಅಂದದೆ."

ಪುಟ್ಟಮಾದಪ್ಪನ ಕೈಯಿಂದ ಬಟ್ಟೆ ಬಕೆಟ್ಟಿಗೆ ಬಿತ್ತು. "ಮೊದಲೇ ಏಳ್ಬಾರ್ದಾಗಿತ್ತಾ ಅಣ್ಣ?"

"ಈಗ ಏಳ್ಲಿಲ್ವಾ?"

"ಇನ್ನೊಂದು ಗಳಿಗೆ ಆಗಿದ್ರೆ…"

"ಆಗ್ಲಿಲ್ವಲ್ಲ. ಬುಡು."

ಪುಟ್ಟಮಾದಪ್ಪ ಅವನ ಮುಖವನ್ನು ಒಂದು ಸಲ ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತೋ ಏನೋ. ಟೇಪು ತಂದು ಆ ಗುರುತಿನ ಸುತ್ತ ಅಂಗೈಯಗಲದ ಚೌಕ ಅಂಟಿಸಿ, ಅದರ ಹೊರಗೆಲ್ಲ ಮೇಣ ತೆಗೆದು ಪಾಲಿಶ್ ಮಾಡಿದ. ಚೌಕದೊಳಗೆ ಬಿಸಿನೀರಿನ ಹಬೆ ತಾಗಿ ಮೇಣ ಸ್ವಲ್ಪ ಬೆಳ್ಳಗಾಗಿತ್ತು. ಕೆಂಪನಂಜಪ್ಪ ಜೇಬಿನಿಂದ ಡಬ್ಬ ತೆಗೆದು, ಒಂದು ಚಿಟಿಕೆ ಮೇಣವನ್ನು ಬೆರಳಲ್ಲಿ ಬೆಚ್ಚಗೆ ಮಾಡಿ, ಎಂದಿನಂತೆ ಒತ್ತಿದ. ಅಷ್ಟರಲ್ಲಿ ಕತ್ತಲಾಯಿತು. ಉಳಿದ ಕಾರಿಗೆ ಹೊಸ ಮೇಣ ಹಚ್ಚಲು ಹೊತ್ತೇ ಉಳಿಯಲಿಲ್ಲ. ಕಾರು ಬರಿಮೈಯಲ್ಲೇ ಮದುವೆಗೆ ಹೊರಡಬೇಕಾಯಿತು.

ಮಾರನೆಯ ಬೆಳಿಗ್ಗೆ ಕೊಳ್ಳೇಗಾಲದ ಮನೆಯ ಮುಂದೆ ಕಾರು ಬಂದು ನಿಂತಾಗ ಬೀದಿಯ ಕೋಳಿಗಳು ಇನ್ನೊಂದು ಸೂರ್ಯ ಹುಟ್ಟಿತೆಂದು ಮತ್ತೆ ಕೂಗಿದವು. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಮಗ್ಗದ ಮುಂದಿದ್ದವರೆಲ್ಲ ಎದ್ದು ಹೊರಗೆ ಬಂದರು. ಬಾನೆಟ್ಟಿನ ಮಧ್ಯೆ ಮಾತ್ರ ಅಂಗೈಯಗಲ ಜಾಗ ಹಳದಿಯಾಗಿ, ಮಂಕಾಗಿ, ಹೊಸ ಪಂಚೆಗೆ ಹಾಕಿದ ಹಳೆಯ ತೇಪೆಯಂತೆ ಇತ್ತು.

ಕೆಂಪಾಜಮ್ಮ ನೇರ ಅಲ್ಲಿಗೇ ಬಂದಳು. ಬೆರಳತುದಿಯಿಂದ ಮುಟ್ಟಿದಳು. ಮೂರೂ ಗೆರೆಗಳಿದ್ದವು. ಅವಳ ಕಣ್ಣು ತುಂಬಿತು.

"ಚಿಕ್ಕಳಿಯಾ, ಎಷ್ಟು ಜ್ವಾಪಾನವಾಗಿ ಉಳ್ಸಿದ್ದೀಯಪ್ಪ," ಎಂದಳು. ಆಮೇಲೆ ಕೆಂಪನಂಜಪ್ಪನ ಕಡೆ ತಿರುಗಿ, "ನೀನು ಏಳಿದ್ದು ಒಳ್ಳೇದಾಯ್ತು," ಎಂದಳು.

ಕೆಂಪನಂಜಪ್ಪ ಬಾಯಿ ತೆರೆದ. ಉಳಿಸಿದವನು ನಾನು ಎಂದರೆ, ಯಾಕೆ ನೀನು ಅಲ್ಲಿದ್ದೆ ಎನ್ನುತ್ತಾರೆ. ಕೊನೆಗಳಿಗೆಯಲ್ಲಿ ಹೇಳಿದೆ ಎಂದರೆ, ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಬಾಯಿ ಮುಚ್ಚಿದ.

"ಅಣ್ಣ ಸರಿಯಾಗಿ ಏಳಿತ್ತು ಅತ್ತೆ," ಎಂದ ಪುಟ್ಟಮಾದಪ್ಪ. ಅದರಲ್ಲಿ ಸುಳ್ಳೂ ಇರಲಿಲ್ಲ, ನಿಜವೂ ಪೂರ್ತಿ ಇರಲಿಲ್ಲ. ತನ್ನ ಮಾನವನ್ನು ಅವನು ಕಾಪಾಡಿದನೆಂದು ಕೆಂಪನಂಜಪ್ಪನಿಗೆ ತಿಳಿಯಿತು. ಅದೇ ಸಹಿಸಲಾಗಲಿಲ್ಲ. ಮೆಷಿನ್ನಿನಲ್ಲಿ ಮುಂದೆ, ಹೊಳಪಿನಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಇವನೇ ಮುಂದೆ. ಸೀಟಿನಲ್ಲಂತೂ ಸರಿಯೇ ಸರಿ: ಪುಟ್ಟಮಾದಪ್ಪ ಕಪ್ಪು ಕನ್ನಡಕ ಏರಿಸಿ ಡ್ರೈವರ್ ಪಕ್ಕ ಕೂತ. ಹಿಂದೆ ಮದುವಣಿಗ ಸತೀಶ, ಅವನ ಪಕ್ಕ ಕೆಂಪಾಜಮ್ಮ. ಕೆಂಪನಂಜಪ್ಪ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಿಂದೆ ಹೊರಟ.

"ಅದೇನು ಗೊಣಗ್ತಾ ಇದ್ದೀರಿ?" ಎಂದಳು ಮಹದೇವಮ್ಮ, ಮಧುವನಹಳ್ಳಿಯ ಹತ್ತಿರ.

"ಕಾರೊಳಗೆ ಯಾವನಾರಾ ಕಪ್ಪು ಕನ್ನಡಕ ಆಕ್ಕತ್ತಾನಾ? ಕೊಬ್ಬು."

"ಚೆನ್ನಾಗಿ ಕಾಣುಸ್ತದೆ ಬುಡಿ ಅವನ್ಗೆ."

ಆಮೇಲೆ ಹನೂರಿನವರೆಗೂ ಸ್ಕೂಟರ್ ಒಂದೇ ಮಾತಾಡಿತು.

ಹನೂರಿನ ಛತ್ರದ ಮುಂದೆ ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಅವರಲ್ಲಿ ಗಂಡಿಗೆ ಮೊದಲು ಗಂಡು ಬಂದ ಕಾರಿಗೆ ಆರತಿ ಎತ್ತಿ, ಆ ಕೆಂಪುನೀರನ್ನು ಮುಂದಿನ ಚಕ್ರಕ್ಕೆ ಸುರಿಯುವುದು ವಾಡಿಕೆ. ಹೆಣ್ಣಿನ ಅಜ್ಜಿ ರಾಮಮ್ಮನಿಗೆ ಕಣ್ಣು ಅಷ್ಟಕ್ಕಷ್ಟೆ. ಜೊತೆಗೆ ಬಿಸಿಲು ಕಾರಿಗೆ ಬಡಿದು ಕಣ್ಣಿಗೆ ಹೊಡೆಯುತ್ತಿತ್ತು. ಆಕೆ ತಟ್ಟೆಯನ್ನು ಮೂರು ಸುತ್ತು ಆಡಿಸಿ, ಚಕ್ರವಿರಬೇಕಾದ ಕಡೆಗೆ ಅಂದಾಜಿನಲ್ಲಿ ನೀರು ಎಸೆದಳು. ನೀರು ಪೂರ್ತಿ ಬಾನೆಟ್ಟಿನ ಮೇಲೆ ಬಿತ್ತು.

ಮೇಣವಿಲ್ಲದ ನೀಲಿಯ ಮೇಲೆ ಕೆಂಪುನೀರು ತೆಳ್ಳಗೆ ಹರಡಿಕೊಂಡು ಅಂಟಿ ನಿಂತಿತು. ಪುಟ್ಟಮಾದಪ್ಪ ಬಾಗಿಲು ತೆರೆದು ಇಳಿದವನು ಹಾಗೇ ನಿಂತ. ಮಧ್ಯದ ಆ ತೇಪೆಯ ಮೇಲೆ ಮಾತ್ರ ನೀರು ನಿಲ್ಲಲಿಲ್ಲ. ಹವಳದ ಮಣಿಗಳಾಗಿ ಒಡೆದು, ಒಂದನ್ನೊಂದು ಅಟ್ಟಿಸಿಕೊಂಡು, ಮೂರು ಗೆರೆಗಳನ್ನು ದಾಟಿ ಉರುಳಿ ಹೋಯಿತು. ಒಂದು ಹನಿಯೂ ಉಳಿಯಲಿಲ್ಲ. ಬಿಳಿಗೆರೆಗಳು ಬಿಳಿಯಾಗಿಯೇ ಇದ್ದವು.

ಕೆಂಪಾಜಮ್ಮ ಕಾರಿನಿಂದಿಳಿದು ಅದನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷ ಹೊಸಿಲಲ್ಲಿ ನಿಂತು, ಹಿರಿಯಳಿಯ ಚೊಂಬು ಹಿಡಿದು ಮಾಡುವ ಪರೀಕ್ಷೆಯನ್ನು ನೋಡಿದವಳು ಅವಳು. ಮಣಿಗಳು ಉರುಳುವ ರೀತಿ ಅವಳಿಗೆ ಗೊತ್ತಿತ್ತು. ಬಾಗಿ ಮೂಸಿದಳು. ವಾಸನೆಯೂ ಗೊತ್ತಿತ್ತು.

"ದೊಡ್ಡಳಿಯಾ, ಬಾ ಇಲ್ಲಿ."

ಕೆಂಪನಂಜಪ್ಪ ಸ್ಕೂಟರ್ ನಿಲ್ಲಿಸಿ ಹತ್ತಿರ ಬಂದ.

"ಇದು ನಿನ್ನ ಮೇಣ. ಅದೂ ನೆನ್ನೆ ಒತ್ತಿರದು. ನೀನಿದ್ದೆ ಅಲ್ಲಿ."

"ಇದ್ದೆ ಅತ್ತೆ."

"ಯಾಕೆ ಓಗಿದ್ದೆ?"

ಅವನು ಪುಟ್ಟಮಾದಪ್ಪನ ಕಡೆ ನೋಡಿದ. ಪುಟ್ಟಮಾದಪ್ಪ ಒದ್ದೆ ಬಟ್ಟೆ ಹಿಡಿದು ಕೆಂಪುನೀರು ಒರೆಸುವುದರಲ್ಲಿ ಮುಳುಗಿದ್ದ. ಕೆಂಪನಂಜಪ್ಪನಿಗೆ ನಿಜ ಬಿಟ್ಟು ಬೇರೇನೂ ಹೊಳೆಯಲಿಲ್ಲ. "ಒಟ್ಟೆ ಉರಿ ಅತ್ತೆ. ಮನೇಲಿ ಕೂರಕ್ಕೆ ಆಗ್ಲಿಲ್ಲ."

ಕೆಂಪಾಜಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಗಂಡನೂ ಪಕ್ಕದ ಮಗ್ಗದವನ ಜರಿ ಅಂಚು ಕಂಡು ಉಣ್ಣದೆ ಮಲಗುತ್ತಿದ್ದವನೇ. "ನೀನು ಬಾಳ ಚೆನ್ನಾಗಿ ಹೊಳಸ್ತೀಯ ಅಂತ ಯಾವತ್ತೂ ನಿಂಗೆ ಕಾರ ಕೊಟ್ಟಿಲ್ಲ ಕನಪ್ಪ," ಎಂದಳು. "ನೀನು ಇರದ್ನ ತೆಗೆಯಕಿಲ್ಲ ಅಂತ ಕೊಡ್ತಿದ್ದೆ. ಓಗ್ತಾ ನೀನು ಮುಂದೆ ಕೂತ್ಕೊ."

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಅವನು ಮದುವೆಯ ಊಟ ಮುಗಿಯುವವರೆಗೂ ಯೋಚಿಸಿದ. ಪಾಯಸದ ಹೊತ್ತಿಗೆ, ಸೀಟು ಸಿಕ್ಕಿತಲ್ಲ ಎಂದು ಯೋಚನೆ ಬಿಟ್ಟ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮದುಮಕ್ಕಳು ಕಾರು ಹತ್ತಿದರು. ಕೆಂಪನಂಜಪ್ಪ ಶಲ್ಯ ಸರಿಮಾಡಿಕೊಂಡು, ಎಲ್ಲರೂ ನೋಡುತ್ತಿದ್ದಾರೆಯೇ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು, ಮುಂದಿನ ಸೀಟಿನಲ್ಲಿ ಕೂತ. ಪುಟ್ಟಮಾದಪ್ಪ ಕಿಟಕಿಯ ಹತ್ತಿರ ಬಂದ. ಕಪ್ಪು ಕನ್ನಡಕ ತೆಗೆದು ಮುಂದೆ ಹಿಡಿದ.

"ಆಕ್ಕೊ ಅಣ್ಣ. ಬೇಕಾಯ್ತದೆ."

"ನಂಗೇನು ಕಣ್ಣಿಲ್ವಾ?"

"ಅದ್ಕೇ ಏಳ್ತಾ ಇರದು."

"ಬೇಡ ಓಗು."

ಕಾರು ಹೊರಟಿತು. ಹನೂರು ದಾಟಿ ಕೊಳ್ಳೇಗಾಲದ ಕಡೆ ತಿರುಗಿದ್ದೇ ತಡ, ಇಳಿಯುವ ಸೂರ್ಯ ಎದುರಿಗೆ ಬಂದ. ಪುಟ್ಟಮಾದಪ್ಪನ ನೀಲಿ ಆ ಸೂರ್ಯನನ್ನು ಹಿಡಿದು, ನೂರು ಮಾಡಿ, ಕೆಂಪನಂಜಪ್ಪನ ಎರಡೂ ಕಣ್ಣಿಗೆ ಎತ್ತಿ ಬಡಿಯಿತು. ಡ್ರೈವರು ಬಿಸಿಲು ತಡೆಯುವ ಅಡ್ಡಪಟ್ಟಿಯನ್ನು ಮೇಲಿಂದ ಇಳಿಸಿಕೊಂಡ. ಕೆಂಪನಂಜಪ್ಪನ ಕಡೆಯ ಅಡ್ಡಪಟ್ಟಿ ಯಾವತ್ತೋ ಮುರಿದು ಹೋಗಿತ್ತು. ಇಷ್ಟು ವರ್ಷ ಅವನ ಹೊಳಪಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಣ್ಣೀರು ಸುರಿಸಿದ. ರಸ್ತೆಬದಿಯಲ್ಲಿ ನಿಂತವರು, ಹೆಣ್ಣು ಕಳಿಸಿಕೊಡುವ ದುಃಖ ಇವರಿಗೇ ಜಾಸ್ತಿ ಇದ್ದಂತಿದೆ ಎಂದು ಮರುಗಿದರು.

ಕಾಮಗೆರೆ ಬರುವಷ್ಟರಲ್ಲಿ ಅವನ ಕಣ್ಣಿಗೆ ಒಂದು ಜಾಗ ಸಿಕ್ಕಿತು. ಆ ಇಡೀ ಬೆಂಕಿಯ ಮಧ್ಯೆ ಅಂಗೈಯಗಲದ ಮಂಕು ತೇಪೆ. ಅಲ್ಲಿ ಮಾತ್ರ ಬಿಸಿಲು ತಣ್ಣಗೆ ಕೂತಿತ್ತು. ಅದರ ಕೆಳಗೆ ಮೂರು ಬಿಳಿ ಗೆರೆ. ಅವನು ಕಣ್ಣನ್ನು ಅಲ್ಲೇ ನೆಟ್ಟು, ಆಚೆ ಈಚೆ ಕದಲಿಸದೆ, ಕೊಳ್ಳೇಗಾಲದವರೆಗೂ ಕೂತ. ಹಿಂದೆ ಅವನದೇ ಸ್ಕೂಟರಿನಲ್ಲಿ ಪುಟ್ಟಮಾದಪ್ಪ, ಕಪ್ಪು ಕನ್ನಡಕ ಹಾಕಿಕೊಂಡು, ತಂಪಾಗಿ ಬರುತ್ತಿದ್ದ. ಪಕ್ಕದ ಕನ್ನಡಿಯಲ್ಲಿ ಅವನು ಕಂಡಾಗಲೆಲ್ಲ ಕೆಂಪನಂಜಪ್ಪನಿಗೆ ಆ ಸ್ಕೂಟರಿನ ಸೀಟಿನ ಮೇಲೆ ಆಸೆಯಾಗುತ್ತಿತ್ತು.